ಹಳೆಯ ಗೇಮೋ, ಹೊಸ ಗೇಮೋ? ಕೊಡಗಿನ ಮನೆಗೆ ಹೊಂದುವುದನ್ನು ಆರಿಸುವ ಬಗೆ

ದಿನದ ಕೆಲಸ ಮುಗಿಸಿ, ಊಟ ಮಾಡಿ, ಮಲಗುವ ಮುಂಚೆ ಒಂದು ಗಂಟೆ ಆಡುವವರಿಗಾಗಿ ಇದನ್ನು ಬರೆದಿದ್ದೇವೆ. ಇರುವ ದುಡ್ಡಿನಲ್ಲಿ ಹೊಸ ಗೇಮ್ ಕೊಳ್ಳುವುದೋ, ಹಳೆಯದನ್ನೇ ಹುಡುಕಿ ಹಾಕಿಕೊಳ್ಳುವುದೋ ಎಂದು ಕೇಳಿದರೆ ಯೂಟ್ಯೂಬ್‌ನಲ್ಲಿ ಸಿಗುವ ಉತ್ತರಗಳೆಲ್ಲ ಗ್ರಾಫಿಕ್ಸ್, ಫ್ರೇಮ್ ರೇಟ್ ಸುತ್ತಲೇ ತಿರುಗುತ್ತವೆ. ನಮ್ಮ ಕಡೆಯ ಲೆಕ್ಕ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಹೊತ್ತಿಗೆ ಮರ ಬಿದ್ದು ಕರೆಂಟ್ ಹೋಗುತ್ತದೋ ಹೇಳಲಾಗದು. ಮಡಿಕೇರಿ, ಕುಶಾಲನಗರ ಪೇಟೆಯಲ್ಲಿ ಫೈಬರ್ ಇದ್ದರೂ ನಾಪೋಕ್ಲು, ಭಾಗಮಂಡಲ ಕಡೆಯ ತೋಟದೊಳಗಿನ ಎಷ್ಟೋ ಮನೆಗಳಿಗೆ ಮೊಬೈಲ್ ಡೇಟಾವೇ ಗತಿ. ಗಾಳಿಯಲ್ಲಿರುವ ತೇವಕ್ಕೆ ಡಿಸ್ಕ್‌ಗೂ ಬೂಷ್ಟು ಬರುತ್ತದೆ.

ಆದ್ದರಿಂದ ಗೇಮ್ ಬಂದ ಇಸವಿ ನೋಡುವ ಮೊದಲು ಮೂರು ಸಂಗತಿ ನೋಡಿ. ಕರೆಂಟ್ ಹೋದರೆ ಎಷ್ಟು ಆಟ ಹಾಳಾಗುತ್ತದೆ? ನೆಟ್ ಇಲ್ಲದೆ ನಡೆಯುತ್ತದೆಯೇ? ಇಳಿಸಿಕೊಳ್ಳಲು ಎಷ್ಟು ಜಿಬಿ ಬೇಕು? ಈ ಮೂರಕ್ಕೆ ಹಿಡಿದು ನೋಡಿದರೆ ನಮ್ಮ ತೀರ್ಪು ಹೀಗೆ: ಕಳೆದ ಹತ್ತು-ಹದಿನೈದು ವರ್ಷಗಳಲ್ಲಿ ಬಂದ ಸಣ್ಣ ಇಂಡೀ ಗೇಮ್‌ಗಳಿಗೆ (ದೊಡ್ಡ ಕಂಪನಿಯ ಹಂಗಿಲ್ಲದೆ ಸಣ್ಣ ತಂಡಗಳು ಮಾಡಿದವು) ಮೊದಲ ಸ್ಥಾನ. ಹಳೆಯ ಗೇಮ್‌ಗಳನ್ನು ಈಗಿನ ಕಂಪ್ಯೂಟರಿಗೆ ಹೊಂದಿಸಿ ಮತ್ತೆ ಮಾರುತ್ತಿರುವ ಆವೃತ್ತಿಗಳಿಗೆ ಎರಡನೆಯದು. ನೂರು ಜಿಬಿಯ ದೊಡ್ಡ ಹೊಸ ಗೇಮ್‌ಗಳು ಫೈಬರ್ ಅಥವಾ ಡಿಸ್ಕ್ ಹಾಕುವ ಕನ್ಸೋಲ್ (ಟಿವಿಗೆ ಜೋಡಿಸುವ ಗೇಮ್ ಯಂತ್ರ) ಇದ್ದವರಿಗೆ ಮಾತ್ರ. ಸದಾ ಆನ್‌ಲೈನ್ ಇರಲೇಬೇಕಾದ ಗೇಮ್‌ಗಳು ಕೊನೆಗೆ.

ಸೇವ್ ಹೇಗಾಗುತ್ತದೆ ಅನ್ನುವುದೇ ಮೊದಲು

ಹಳೆಯ ಗೇಮ್‌ಗಳೆಲ್ಲ ಸೇವ್ ವಿಷಯದಲ್ಲಿ ಕಠಿಣ, ಹೊಸವೆಲ್ಲ ಸುಲಭ ಎಂಬ ಮಾತಿದೆ. ಅದು ಅರ್ಧ ಮಾತ್ರ ನಿಜ. 2000ದಲ್ಲಿ ಬಂದ ಪ್ರಾಜೆಕ್ಟ್ ಐಜಿಐ ತೆಗೆದುಕೊಳ್ಳಿ. ಅದರಲ್ಲಿ ಮಿಷನ್ ನಡುವೆ ಸೇವ್ ಇಲ್ಲವೇ ಇಲ್ಲ. ಮುಕ್ಕಾಲು ಗಂಟೆ ಕಾದು, ಕ್ಯಾಮೆರಾ ತಪ್ಪಿಸಿ, ಕೊನೆಯ ಗೇಟಿನ ಹತ್ತಿರ ಬಂದಾಗ ಕರೆಂಟ್ ಹೋದರೆ ಮೊದಲಿನಿಂದ ಶುರು. ಜಿಟಿಎ ಸ್ಯಾನ್ ಆಂಡ್ರಿಯಾಸ್ (2004) ಮೂಲ ಆವೃತ್ತಿಯಲ್ಲಿ ಆಟದೊಳಗಿನ ಮನೆಗೆ ಬಂದು ನಿಂತರೆ ಮಾತ್ರ ಸೇವ್, ಮಿಷನ್‌ನೊಳಗೆ ಚೆಕ್‌ಪಾಯಿಂಟ್ (ಸೋತರೆ ಮತ್ತೆ ಶುರು ಮಾಡಬಹುದಾದ ನಡುವಿನ ಜಾಗ) ಇಲ್ಲ. ಆದರೆ 1999ರ ಏಜ್ ಆಫ್ ಎಂಪೈರ್ಸ್ 2ರಲ್ಲಿ ಯುದ್ಧದ ನಡುವೆಯೇ ಸೇವ್ ಮಾಡಬಹುದು. 2004ರ ಹಾಫ್-ಲೈಫ್ 2ರಲ್ಲಿ ಎಫ್6 ಒತ್ತಿದರೆ ಆ ಕ್ಷಣ ಸೇವ್, ಎಫ್9 ಒತ್ತಿದರೆ ವಾಪಸ್. ಗುಡುಗು ಕೇಳಿದಾಗೊಮ್ಮೆ ಎಫ್6 ಒತ್ತುವ ರೂಢಿ ಮಾಡಿಕೊಂಡರೆ ಮಳೆಗಾಲದಲ್ಲಿ ಆಡಲು ಇದಕ್ಕಿಂತ ಸುರಕ್ಷಿತವಾದ ಗೇಮ್ ಹುಡುಕುವುದು ಕಷ್ಟ.

ಹೊಸ ಗೇಮ್‌ಗಳು ಹೆಚ್ಚಾಗಿ ತಾವಾಗಿಯೇ ಸೇವ್ ಮಾಡಿಕೊಳ್ಳುತ್ತವೆ. ಹೇಗೆ ಅನ್ನುವುದು ಗೇಮಿನಿಂದ ಗೇಮಿಗೆ ಬದಲಾಗುತ್ತದೆ. ಹೇಡೀಸ್ (2020) ಪ್ರತಿ ಕೋಣೆಗೆ ಕಾಲಿಡುವಾಗ ಸೇವ್ ಆಗುವುದರಿಂದ ಹೋಗುವುದು ಒಂದೆರಡು ನಿಮಿಷದ ಆಟ. ಸ್ಟಾರ್‌ಡ್ಯೂ ವ್ಯಾಲಿ (2016) ಕಂಪ್ಯೂಟರ್ ಮತ್ತು ಕನ್ಸೋಲಿನಲ್ಲಿ ಆಟದೊಳಗಿನ ದಿನ ಮುಗಿದು ಮಲಗಿದಾಗ ಮಾತ್ರ ಸೇವ್. ಒಂದು ಪೂರ್ತಿ ದಿನ ಅಂದರೆ ಸುಮಾರು 14 ನಿಮಿಷ. ಕರೆಂಟ್ ಹೋದರೆ ಹೆಚ್ಚೆಂದರೆ ಅಷ್ಟು ನಷ್ಟ. ಎಲ್ಡನ್ ರಿಂಗ್ (2022) ಬಿಡದೆ ಸೇವ್ ಮಾಡುತ್ತಲೇ ಇರುತ್ತದೆ, ಆದರೆ ಅದರಲ್ಲಿ ಆಟವನ್ನು ನಡುವೆ ತಡೆದು ನಿಲ್ಲಿಸುವ ಪಾಜ್ ಇಲ್ಲ. ಹೊರಗೆ ಯಾರೋ ಕರೆದರು, ಆನೆ ಬಂತೆಂದು ಪಕ್ಕದ ಮನೆಯವರು ಫೋನ್ ಮಾಡಿದರು ಅಂದರೆ ಆಟ ನಿಲ್ಲುವುದಿಲ್ಲ. ಮೆನುವಿನಿಂದ ಪೂರ್ತಿ ಹೊರಬರಬೇಕು.

ಆಟೋಸೇವ್‌ನಲ್ಲಿ ಒಂದು ಅಪಾಯ ಇದೆ. ಪರದೆಯ ಮೂಲೆಯಲ್ಲಿ ಚಕ್ರ ತಿರುಗುತ್ತಿರುವಾಗ, ಅಂದರೆ ಫೈಲ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಆ ಸೇವ್ ಫೈಲೇ ಕೆಡಬಹುದು. ಮ್ಯಾನ್ಯುಯಲ್ ಸೇವ್ ಸೌಲಭ್ಯ ಇರುವ ಗೇಮಿನಲ್ಲಿ ದಿನಕ್ಕೊಂದು ಬೇರೆ ಸ್ಲಾಟಿನಲ್ಲಿ ಇಟ್ಟುಕೊಳ್ಳಿ. ಕ್ಲೌಡ್ ಸೇವ್ (ನೆಟ್ ಮೂಲಕ ಅಂಗಡಿಯ ಸರ್ವರಿನಲ್ಲಿ ಉಳಿಯುವ ಸೇವ್) ನಂಬಿದವರು ಇನ್ನೊಂದು ಕಡೆ ಎಡವುತ್ತಾರೆ: ನೆಟ್ ಇಲ್ಲದೆ ನಾಲ್ಕು ದಿನ ಆಡಿ, ನೆಟ್ ಬಂದಾಗ ಸ್ಟೀಮ್ (ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ) ತೆರೆದರೆ, ಕ್ಲೌಡಿನದ್ದು ಇರಲೋ ಕಂಪ್ಯೂಟರಿನದ್ದು ಇರಲೋ ಎಂದು ಅದು ಕೇಳಬಹುದು. ಅವಸರದಲ್ಲಿ ಕ್ಲೌಡ್ ಎಂದು ಒತ್ತಿದರೆ ನಾಲ್ಕು ದಿನದ ಆಟ ಹೋಯಿತು. ಅಲ್ಲೇ ತೋರಿಸುವ ತಾರೀಖು, ಗಂಟೆ ಓದಿ, ಹೊಸದನ್ನು ಆರಿಸಿ.

ಜಿಬಿ ಲೆಕ್ಕ

ರೆಡ್ ಡೆಡ್ ರಿಡೆಂಪ್ಶನ್ 2ಕ್ಕೆ 150 ಜಿಬಿ ಜಾಗ ಬೇಕು. ಬಾಲ್ಡರ್ಸ್ ಗೇಟ್ 3ಕ್ಕೂ ಅಷ್ಟೇ. ಸ್ಟಾರ್‌ಫೀಲ್ಡ್‌ಗೆ 125. ಕಂಪ್ಯೂಟರಿನಲ್ಲಿ ಕೊನೆಯೆರಡಕ್ಕೂ ಎಸ್‌ಎಸ್‌ಡಿ (ವೇಗವಾಗಿ ಓದುವ ಹೊಸ ಬಗೆಯ ಡ್ರೈವ್) ಕಡ್ಡಾಯ, ಹಳೆಯ ಹಾರ್ಡ್ ಡಿಸ್ಕ್ ಸಾಲದು. ಈಗ ಲೆಕ್ಕ ಹಾಕೋಣ. ನೂರು ಜಿಬಿಯನ್ನು 10 ಎಂಬಿಪಿಎಸ್ ಲೈನಿನಲ್ಲಿ ಇಳಿಸಲು, ಒಂದು ಕ್ಷಣವೂ ಕಡಿಯದಿದ್ದರೆ, 22 ಗಂಟೆ. 50 ಎಂಬಿಪಿಎಸ್ ಫೈಬರಿನಲ್ಲಿ ನಾಲ್ಕೂವರೆ ಗಂಟೆ. ದಿನಕ್ಕೆ 1.5 ಜಿಬಿ ಕೊಡುವ ಮೊಬೈಲ್ ಪ್ಲ್ಯಾನಿನಲ್ಲಿ, ಬೇರೆ ಯಾವುದಕ್ಕೂ ಡೇಟಾ ಮುಟ್ಟದಿದ್ದರೂ 67 ದಿನ. ಅಷ್ಟರಲ್ಲಿ ಹೊಸ ಅಪ್‌ಡೇಟ್ ಒಂದೆರಡು ಬಂದಿರುತ್ತದೆ.

ಇತ್ತ ಸ್ಟಾರ್‌ಡ್ಯೂ ವ್ಯಾಲಿಗೆ ಅರ್ಧ ಜಿಬಿ. ಸೆಲೆಸ್ಟ್ (2018) 1.2 ಜಿಬಿ, ಪೋರ್ಟಲ್ 2 (2011) 8, ಹಾಲೋ ನೈಟ್ (2017) 9, ಹೇಡೀಸ್ 15. ಇವು ಯಾವುವೂ ಬಡ ಗೇಮ್‌ಗಳಲ್ಲ. ಹಾಲೋ ನೈಟ್‌ನ ಕೈಯಿಂದ ಬಿಡಿಸಿದ ಚಿತ್ರಗಳ ಮುಂದೆ ದೊಡ್ಡ ಕಂಪನಿಗಳ ಎಷ್ಟೋ ಹೊಸ ಗೇಮ್‌ಗಳು ಸಪ್ಪೆಯಾಗಿ ಕಾಣುತ್ತವೆ, ಮತ್ತು ಅದು ಮೂವತ್ತು-ನಲವತ್ತು ಗಂಟೆ ಸರಾಗವಾಗಿ ಆಡಿಸುತ್ತದೆ. ಮೊಬೈಲ್ ಡೇಟಾ ಮಾತ್ರ ಇರುವ ಮನೆಗೆ ಹೊಸ ಗೇಮ್ ಅಂದರೆ ಇವೇ.

ದೊಡ್ಡ ಗೇಮ್ ಬೇಕೇಬೇಕು ಅನ್ನುವವರಿಗೆ ಒಂದು ದಾರಿ ಇದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ತಮ್ಮನ ಕಂಪ್ಯೂಟರಿನಲ್ಲಿ ಅದೇ ಗೇಮ್ ಇದ್ದರೆ, ಸ್ಟೀಮ್ ಫೋಲ್ಡರಿನೊಳಗೆ ಸ್ಟೀಮ್‌ಆ್ಯಪ್ಸ್, ಅದರೊಳಗೆ ಕಾಮನ್ ಎಂಬ ಫೋಲ್ಡರ್ ತೆರೆಯಿರಿ. ಗೇಮಿನ ಹೆಸರಿನ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ ತನ್ನಿ. ನಿಮ್ಮ ಕಂಪ್ಯೂಟರಿನಲ್ಲಿ ಅದೇ ಜಾಗಕ್ಕೆ, ಹೆಸರು ಒಂದಕ್ಷರ ಬದಲಿಸದೆ ಹಾಕಿ, ನಿಮ್ಮ ಖಾತೆಯಿಂದ ಇನ್‌ಸ್ಟಾಲ್ ಒತ್ತಿ. ಸ್ಟೀಮ್ ಇರುವ ಫೈಲ್‌ಗಳನ್ನು ಪರೀಕ್ಷಿಸಿ, ಕಮ್ಮಿ ಇದ್ದದ್ದನ್ನು ಮಾತ್ರ ಇಳಿಸುತ್ತದೆ. ಗೇಮನ್ನು ನೀವೂ ಕೊಂಡಿರಬೇಕು. ಇದರಿಂದ ಉಳಿಯುವುದು ಡೇಟಾ ಅಷ್ಟೇ. ಇಬ್ಬರ ಕಂಪ್ಯೂಟರೂ ಒಂದೇ ವೈಫೈನಲ್ಲಿದ್ದರೆ ಸ್ಟೀಮ್ ತಾನೇ ಒಂದರಿಂದ ಇನ್ನೊಂದಕ್ಕೆ ಸಾಗಿಸುವ ಸೌಲಭ್ಯ 2023ರಲ್ಲಿ ಬಂದಿದೆ. ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್ ಪುಟದಲ್ಲಿ ಆನ್ ಮಾಡಿಕೊಳ್ಳಬೇಕು.

ಕೊಳ್ಳುವ ಕಾಲವನ್ನೂ ಯೋಚಿಸಿ. ಸ್ಟೀಮ್‌ನ ದೊಡ್ಡ ಸೇಲ್‌ಗಳು ಸಾಮಾನ್ಯವಾಗಿ ಜೂನ್ ಕೊನೆಗೆ ಮತ್ತು ಡಿಸೆಂಬರ್ ಕೊನೆಗೆ ಬರುತ್ತವೆ. ಜೂನ್ ಕೊನೆ ಅಂದರೆ ನಮ್ಮಲ್ಲಿ ನೆಟ್ಟಿಗೆ ಕೆಟ್ಟ ಕಾಲ. ದೊಡ್ಡ ಗೇಮನ್ನು ಡಿಸೆಂಬರ್ ಸೇಲಿನಲ್ಲಿ ಕೊಂಡು, ಬೇಸಿಗೆಯ ರಾತ್ರಿಗಳಲ್ಲಿ ಇಳಿಸಿಟ್ಟು, ಮಳೆ ಹಿಡಿದ ಮೇಲೆ ಶುರು ಮಾಡುವುದು ಜಾಣತನ. ಕಾಫಿ ಕೊಯ್ಲಿನ ನಡುವೆ ಉದ್ದದ ಕಥೆಯ ಗೇಮ್ ಹಿಡಿದವರು ಅರ್ಧಕ್ಕೆ ಬಿಟ್ಟು ಏಪ್ರಿಲ್‌ನಲ್ಲಿ ಮತ್ತೆ ತೆರೆದರೆ ಯಾವ ಬಟನ್ ಯಾವುದಕ್ಕೆ ಎಂಬುದೇ ಮರೆತಿರುತ್ತದೆ. ದಿ ವಿಚರ್ 3 (2015) ಮುಖ್ಯ ಕಥೆಯೇ ಐವತ್ತು ಗಂಟೆಯ ಆಸುಪಾಸು. ರಾತ್ರಿಗೊಂದು ಗಂಟೆಯಂತೆ ಅದು ಜೂನ್-ಜುಲೈ ತುಂಬಿಸುತ್ತದೆ.

ಸ್ಟೀಮ್‌ನಲ್ಲಿ ಕೊಂಡ ಗೇಮ್ ಹಿಡಿಸದಿದ್ದರೆ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್. ಆದರೆ ರೆಡ್ ಡೆಡ್ 2ರಂಥ ಗೇಮಿನಲ್ಲಿ ಹಿಮದ ನಡುವಿನ ಮೊದಲ ಅಧ್ಯಾಯ ಮುಗಿಯುವಷ್ಟರಲ್ಲೇ ಆ ಎರಡು ಗಂಟೆ ಕಳೆದಿರುತ್ತದೆ. ನಿಜವಾದ ಆಟ ಶುರುವಾಗುವುದು ಅದರ ನಂತರ. ಹಳೆಯ ಗೇಮ್‌ಗಳನ್ನು ನಾವು ಮೆಚ್ಚುವ ಒಂದು ಕಾರಣ ಇಲ್ಲಿದೆ: ಎರಡು ನಿಮಿಷದಲ್ಲಿ ರಸ್ತೆಗಿಳಿಸುತ್ತವೆ, ಹಿಡಿಸುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ನೆಟ್ ಇಲ್ಲದ ರಾತ್ರಿ

ಒಬ್ಬರೇ ಆಡುವ ಗೇಮ್ ಅಂದ ಮಾತ್ರಕ್ಕೆ ನೆಟ್ ಬೇಡ ಎಂದುಕೊಳ್ಳಬೇಡಿ. ಅಪ್‌ಡೇಟ್ ಬಾಕಿ ಇದ್ದರೆ ಆನ್‌ಲೈನ್ ಇರುವ ಸ್ಟೀಮ್ ಗೇಮ್ ತೆರೆಯಲು ಬಿಡುವುದಿಲ್ಲ. ಮಳೆಗಾಲಕ್ಕೆ ಮೊದಲೇ ಹೀಗೆ ಮಾಡಿಡಿ: ಗೇಮನ್ನು ಪೂರ್ತಿ ಇಳಿಸಿ, ಅಪ್‌ಡೇಟ್ ಮುಗಿಸಿ, ನೆಟ್ ಇರುವಾಗಲೇ ಒಮ್ಮೆ ತೆರೆದು ಮುಖ್ಯ ಮೆನುವಿನವರೆಗೆ ಹೋಗಿ ಬನ್ನಿ. ಆಮೇಲೆ ಸ್ಟೀಮ್ ಮೆನುವಿನಲ್ಲಿ ಗೋ ಆಫ್‌ಲೈನ್ ಒತ್ತಿ. ಮೊದಲ ಸಲ ತೆರೆಯುವುದನ್ನು ಬಿಟ್ಟವರೇ ಮಳೆಯ ರಾತ್ರಿಯಲ್ಲಿ ಪೇಚಾಡುವುದು, ಏಕೆಂದರೆ ಬೇಕಾದ ಡೈರೆಕ್ಟ್‌ಎಕ್ಸ್ ಫೈಲ್‌ಗಳು (ಗೇಮಿನ ಚಿತ್ರ, ಸದ್ದಿಗೆ ವಿಂಡೋಸ್ ಬಳಸುವವು), ಲೈಸೆನ್ಸ್ ಪರೀಕ್ಷೆ ಎಲ್ಲ ನಡೆಯುವುದು ಆ ಮೊದಲ ಓಟದಲ್ಲಿ. ಜಿಟಿಎ 5 ಮುಂತಾದವು ಸ್ಟೀಮ್‌ನಲ್ಲಿ ಕೊಂಡರೂ ತಮ್ಮದೇ ಇನ್ನೊಂದು ಲಾಂಚರ್ (ಗೇಮ್ ಶುರು ಮಾಡಿಸುವ ಆ್ಯಪ್) ತೆರೆಯುತ್ತವೆ. ಅದಕ್ಕೂ ಒಮ್ಮೆ ಲಾಗಿನ್ ಆಗಿಟ್ಟಿರಬೇಕು.

ಹಳೆಯ ಗೇಮ್‌ಗಳಿಗೆ ನಮ್ಮ ಮೊದಲ ಆಯ್ಕೆ ಜಿಒಜಿ ಅಂಗಡಿ. 2008ರಲ್ಲಿ ಶುರುವಾದ ಇದು ಕಾಪಿ ತಡೆಯುವ ಬೀಗವಿಲ್ಲದ ಇನ್‌ಸ್ಟಾಲರ್ ಫೈಲನ್ನೇ ಕೊಡುತ್ತದೆ. ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡು ನೆಟ್ಟೇ ಇಲ್ಲದ ಕಂಪ್ಯೂಟರಿನಲ್ಲೂ ಹಾಕಬಹುದು. ಹಳೆಯ ಲ್ಯಾಪ್‌ಟಾಪ್ ಇದ್ದವರಿಗೆ ಇದು ಇನ್ನೂ ಮುಖ್ಯ: 2024ರ ಜನವರಿ 1ರಿಂದ ಸ್ಟೀಮ್ ವಿಂಡೋಸ್ 7, 8ಕ್ಕೆ ಬೆಂಬಲ ನಿಲ್ಲಿಸಿದೆ.

ಆನ್‌ಲೈನ್ ಇಲ್ಲದೆ ತೆರೆಯದ ಗೇಮ್‌ಗಳಿಗೆ ದುಡ್ಡು ಹಾಕುವ ಮುಂಚೆ ದಿ ಕ್ರೂ ಎಂಬ ಕಾರ್ ಗೇಮಿನ ಗತಿ ನೆನಪಿಡಿ. 2014ರಲ್ಲಿ ಬಂತು. ಒಬ್ಬರೇ ಆಡುವ ಭಾಗಕ್ಕೂ ಸರ್ವರ್ ಬೇಕಿತ್ತು. ಅದರ ಕಂಪನಿ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿತು, ಡಿಸ್ಕ್ ಕೊಂಡವರ ಕೈಯಲ್ಲಿ ಉಳಿದದ್ದು ಡಿಸ್ಕ್ ಮಾತ್ರ. 1999ರ ಏಜ್ ಆಫ್ ಎಂಪೈರ್ಸ್ 2ರ ಸಿಡಿ ಇಂದಿಗೂ ಒಂದಲ್ಲ ಒಂದು ರೀತಿಯಲ್ಲಿ ಓಡುತ್ತದೆ. ಹಳೆಯವಕ್ಕೂ ಒಂದು ಮಿತಿ ಇದೆ: ಗೇಮ್‌ಸ್ಪೈ ಸರ್ವರ್‌ಗಳು 2014ರಲ್ಲೇ ಮುಚ್ಚಿದ್ದರಿಂದ ಅವನ್ನು ನಂಬಿದ್ದ ನೂರಾರು ಗೇಮ್‌ಗಳ ಆನ್‌ಲೈನ್ ಭಾಗ ಸತ್ತಿದೆ. ಮನೆಯೊಳಗೆ ಕೇಬಲ್ ಹಾಕಿ ಲ್ಯಾನ್‌ನಲ್ಲಿ ಆಡುವುದಕ್ಕೆ ಏನೂ ಅಡ್ಡಿಯಿಲ್ಲ.

ಬಿಜಿಎಂಐ (ಫೋನಿನಲ್ಲಿ ಆನ್‌ಲೈನ್ ಆಡುವ ಗುಂಡಿನ ಕಾಳಗದ ಗೇಮ್) ಆಡುವವರು ಸ್ಪೀಡಿಗಿಂತ ಪಿಂಗ್ (ಸರ್ವರಿಗೆ ಸಂದೇಶ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡು) ನೋಡಿ. 20 ಎಂಬಿಪಿಎಸ್ ಬಂದರೂ ಪಿಂಗ್ 60ರಿಂದ 300ಕ್ಕೆ ಹಾರುತ್ತಿದ್ದರೆ ಎದುರಾಳಿ ಕಾಣುವ ಮೊದಲೇ ನೀವು ಬಿದ್ದಿರುತ್ತೀರಿ. ಜೋರು ಮಳೆಯ ಹೊತ್ತಿಗೆ ಹೀಗಾಗುವುದು ಹೆಚ್ಚು, ಅದನ್ನು ಸರಿಪಡಿಸುವುದು ನಿಮ್ಮ ಕೈಯಲ್ಲಿಲ್ಲ. ಕ್ಲೌಡ್ ಗೇಮಿಂಗ್ (ಗೇಮ್ ದೂರದ ಸರ್ವರಿನಲ್ಲಿ ಓಡಿ, ಚಿತ್ರ ಮಾತ್ರ ನೆಟ್‌ನಲ್ಲಿ ಬರುವುದು) ವಿಷಯವೂ ಇದೇ. 15 ಎಂಬಿಪಿಎಸ್ ಎಡೆಬಿಡದೆ ಹರಿಯಬೇಕು, ಗಂಟೆಗೆ ಸುಮಾರು 6.75 ಜಿಬಿ ನುಂಗುತ್ತದೆ. ಕುಶಾಲನಗರದ ಫೈಬರ್ ಮನೆಗೆ ಸರಿ, ತೋಟದ ಮನೆಗೆ ಬೇಡ.

ಹಳೆಯ ಸಿಡಿ, ಹೊಸ ಕಂಪ್ಯೂಟರ್

ಅಟ್ಟದಲ್ಲಿರುವ ಸಿಡಿ ತೆಗೆದು ಹಾಕಿದರೆ ಗೇಮ್ ಓಡುತ್ತದೆ ಎಂಬ ನಂಬಿಕೆ ಬಹಳ ಸಲ ಹುಸಿಯಾಗುತ್ತದೆ. ಕಾರಣಗಳು ಇವು.

2000ದ ದಶಕದ ಎಷ್ಟೋ ಸಿಡಿಗಳಲ್ಲಿ ಸೇಫ್‌ಡಿಸ್ಕ್ ಎಂಬ ಕಾಪಿ ತಡೆಯುವ ಬೀಗ ಇತ್ತು. ಭದ್ರತೆಯ ಕಾರಣಕ್ಕೆ ವಿಂಡೋಸ್ 10ರಿಂದ ಮೈಕ್ರೋಸಾಫ್ಟ್ ಅದನ್ನು ನಡೆಯಲು ಬಿಡುವುದಿಲ್ಲ. ಗೇಮ್ ಇನ್‌ಸ್ಟಾಲ್ ಆಗುತ್ತದೆ, ಐಕಾನ್ ಒತ್ತಿದರೆ ಏನೂ ಆಗುವುದಿಲ್ಲ, ಎರರ್ ಕೂಡ ಬರದಿರಬಹುದು. ಇದಕ್ಕೆ ಸರಿಯಾದ ದಾರಿ ಡಿಜಿಟಲ್ ಮರುಬಿಡುಗಡೆ ಕೊಳ್ಳುವುದು. ತೊಂಬತ್ತರ ದಶಕದ ಮೊದಲರ್ಧದ ಹೆಚ್ಚಿನ ಗೇಮ್‌ಗಳು ಡಾಸ್ ಎಂಬ ಹಳೆಯ ವ್ಯವಸ್ಥೆಗೆ ಮಾಡಿದವು. 64 ಬಿಟ್ ವಿಂಡೋಸ್ ಅವನ್ನು ಮುಟ್ಟುವುದೇ ಇಲ್ಲ. ಅವಕ್ಕೆ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶ ಬೇಕು. ಅದರೊಳಗೆ ಆಟ ಓಡೋಡಿ ಹೋದರೆ ಕಂಟ್ರೋಲ್ ಹಿಡಿದು ಎಫ್11 ಒತ್ತಿ ನಿಧಾನಿಸಿ, ಎಫ್12 ಒತ್ತಿದರೆ ವೇಗ.

ಡಿ3ಡಿಎಕ್ಸ್9 ಎಂದು ಶುರುವಾಗುವ ಡಿಎಲ್‌ಎಲ್ ಇಲ್ಲ ಎಂದು ಬಂದರೆ ಸಿಕ್ಕಸಿಕ್ಕ ಸೈಟಿನಿಂದ ಆ ಒಂದು ಫೈಲ್ ಇಳಿಸಬೇಡಿ, ವೈರಸ್ ಬರುವುದು ಅಲ್ಲಿಂದಲೇ. ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ ಜೂನ್ 2010 ಪ್ಯಾಕ್ ಹಾಕಿದರೆ ಸಾಕು. ಡೈರೆಕ್ಟ್‌ಪ್ಲೇ (ಹಳೆಯ ಗೇಮ್‌ಗಳು ಬಳಸುತ್ತಿದ್ದ ವಿಂಡೋಸ್ ಭಾಗ) ಬೇಕು ಅಂದರೆ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಲೆಗಸಿ ಕಾಂಪೊನೆಂಟ್ಸ್ ಕೆಳಗೆ ಟಿಕ್ ಮಾಡಿ. ಚಿತ್ರ ಅಡ್ಡಕ್ಕೆ ಹಿಗ್ಗಿ ಎಲ್ಲರೂ ದಪ್ಪಗೆ ಕಂಡರೆ ಗೇಮ್ 4:3 ಪರದೆಗೆ ಮಾಡಿದ್ದು. ಅಭಿಮಾನಿಗಳು ಮಾಡಿದ ವೈಡ್‌ಸ್ಕ್ರೀನ್ ಪ್ಯಾಚ್ ಹೆಚ್ಚಿನ ಪ್ರಸಿದ್ಧ ಗೇಮ್‌ಗಳಿಗೆ ಸಿಗುತ್ತದೆ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಫ್ರೇಮ್ ಲಿಮಿಟರ್ (ಸೆಕೆಂಡಿಗೆ ಮೂಡುವ ಚಿತ್ರಗಳಿಗೆ, ಅಂದರೆ ಫ್ರೇಮಿಗೆ, ಮಿತಿ ಹಾಕುವ ಸೆಟ್ಟಿಂಗ್) ಆನ್ ಇರಲಿ. ಅದರ ಚಲನೆಯ ಲೆಕ್ಕ ಕಡಿಮೆ ಫ್ರೇಮಿಗೆ ಕಟ್ಟಿಹಾಕಿದ್ದು. ಲಿಮಿಟರ್ ತೆಗೆದರೆ ಈಜುವುದು, ಗಾಡಿ ಓಡಿಸುವುದು ವಿಚಿತ್ರವಾಗಿ ಕೆಟ್ಟು ಕೆಲವು ಮಿಷನ್ ಮುಗಿಸಲು ಆಗದಂತಾಗುತ್ತದೆ.

ಜೋಡಿ ಜೋಡಿಯಾಗಿ

ಏಜ್ ಆಫ್ ಎಂಪೈರ್ಸ್ 2ರ ವಿಷಯದಲ್ಲಿ ಅನುಮಾನವೇ ಬೇಡ, 2019ರ ಡೆಫಿನಿಟಿವ್ ಎಡಿಷನ್ ಕೊಳ್ಳಿ. ಹೊಲ ಬರಿದಾದಾಗಲೆಲ್ಲ ಕೈಯಾರೆ ಮತ್ತೆ ಬಿತ್ತಬೇಕಿದ್ದ ಕಿರಿಕಿರಿ ಹೋಗಿದೆ, ತಾನಾಗಿ ಬಿತ್ತನೆಯಾಗುತ್ತದೆ. ಸೈನಿಕರು ದಾರಿ ತಪ್ಪುವುದು ಕಮ್ಮಿ. 2022ರ ಡೈನಾಸ್ಟೀಸ್ ಆಫ್ ಇಂಡಿಯಾ ವಿಸ್ತರಣೆಯಲ್ಲಿ ದ್ರಾವಿಡಿಯನ್ಸ್ ಎಂಬ ದಕ್ಷಿಣದ ಬಣವೂ ಸೇರಿದೆ. ಇಳಿಸುವಾಗ ಒಂದು ಎಚ್ಚರ: ಎನ್‌ಹಾನ್ಸ್ಡ್ ಗ್ರಾಫಿಕ್ಸ್ ಪ್ಯಾಕ್ ಎಂಬ ಪುಕ್ಕಟೆ ಹೆಚ್ಚುವರಿ ಇದೆ, 4ಕೆ ಪರದೆ ಇಲ್ಲದವರಿಗೆ ಅದರಿಂದ ಏನೂ ಲಾಭವಿಲ್ಲ. ಟಿಕ್ ತೆಗೆದರೆ ಹಲವು ಜಿಬಿ ಉಳಿತಾಯ.

ಜಿಟಿಎಗೆ ಬಂದರೆ ಮಾತು ತಿರುಗುತ್ತದೆ. 2021ರ ನವೆಂಬರ್‌ನಲ್ಲಿ ಬಂದ ಟ್ರಿಲಜಿ ಡೆಫಿನಿಟಿವ್ ಎಡಿಷನ್ ಎಷ್ಟು ದೋಷಗಳೊಂದಿಗೆ ಬಂತೆಂದರೆ ಅದರ ಕಂಪನಿ ರಾಕ್‌ಸ್ಟಾರ್ ಕ್ಷಮೆ ಕೇಳಬೇಕಾಯಿತು. 2024ರ ನವೆಂಬರ್ ಅಪ್‌ಡೇಟಿನ ಮೇಲೆ ಬೆಳಕು, ಬಣ್ಣ ಸುಧಾರಿಸಿವೆ. ಆದರೂ ಸ್ಯಾನ್ ಆಂಡ್ರಿಯಾಸ್ ಒಂದನ್ನೇ ಆಡಬೇಕೆಂದರೆ 2013ರಲ್ಲಿ ಬಂದ ಮೊಬೈಲ್ ಆವೃತ್ತಿ ನಮ್ಮ ಆಯ್ಕೆ, ಏಕೆಂದರೆ ಅದರಲ್ಲಿ ಮಿಷನ್ ನಡುವೆ ಚೆಕ್‌ಪಾಯಿಂಟ್ ಸೇರಿಸಿದ್ದಾರೆ, ಫೋನಿನ ಬ್ಯಾಟರಿಗೆ ಕರೆಂಟಿನ ಹಂಗಿಲ್ಲ. ಬ್ಲೂಟೂತ್ ಕಂಟ್ರೋಲರ್ ಜೋಡಿಸಿಕೊಂಡರೆ ಬೆರಳು ಪರದೆ ಮುಚ್ಚುವುದಿಲ್ಲ. ಜಿಟಿಎ ಸರಣಿ 18 ದಾಟಿದವರಿಗೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬಾರದು.

ಕಾರ್ ರೇಸಿಗೆ 2005ರ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್ ಇಂದಿಗೂ ಎತ್ತಿದ ಕೈ. ಮೂರು ಜಿಬಿ, ಕೆಲವೇ ನಿಮಿಷದ ರೇಸ್, ಬೆನ್ನಟ್ಟುವ ಪೊಲೀಸರು. ತೊಂದರೆ ಏನೆಂದರೆ ಅದು ಯಾವ ಡಿಜಿಟಲ್ ಅಂಗಡಿಯಲ್ಲೂ ಮಾರಾಟಕ್ಕಿಲ್ಲ. 2012ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಬೇರೆಯೇ ಗೇಮ್. ಹೆಸರು ನೋಡಿ ಕೊಂಡು ಪೆಚ್ಚಾಗಬೇಡಿ.

ಕ್ರಿಕೆಟಿನಲ್ಲಿ ಕ್ರಿಕೆಟ್ 07 (2006ರ ನವೆಂಬರ್) ಮತ್ತು ಕ್ರಿಕೆಟ್ 24 (2023ರ ಅಕ್ಟೋಬರ್) ನಡುವೆ ಆರಿಸುವುದು ನಿಮ್ಮ ಕೈಯಲ್ಲಿ ಏನಿದೆ ಎಂಬುದರ ಮೇಲೆ. ಕೀಬೋರ್ಡ್ ಮಾತ್ರ ಇದ್ದರೆ, ಲ್ಯಾಪ್‌ಟಾಪ್ ಹಳೆಯದಾದರೆ 07. ಐದು ಓವರಿನ ಪಂದ್ಯ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಅದರ ಬೌಲರ್‌ಗಳನ್ನು ಕೆಲವೇ ದಿನದಲ್ಲಿ ಅಂದಾಜು ಹಿಡಿಯಬಹುದು, ಆಮೇಲೆ ಓವರಿಗೆ ಇಪ್ಪತ್ತು ರನ್ ಮಾಮೂಲಾಗುತ್ತದೆ. ಕ್ರಿಕೆಟ್ 24ರಲ್ಲಿ ಫೀಲ್ಡಿಂಗ್ ಜಾಗ ನೋಡಿ ಹೊಡೆಯಲೇಬೇಕು, ಟೆಸ್ಟ್ ಪಂದ್ಯ ಟೆಸ್ಟ್‌ನಂತೆಯೇ ಅನ್ನಿಸುತ್ತದೆ. ಕಂಟ್ರೋಲರ್ ಇಲ್ಲದೆ ಕೂರಬೇಡಿ.

ಹಾಕಿ ಬೇಕು ಅನ್ನುವವರು ಕೊಡಗಿನಲ್ಲಿ ಕಮ್ಮಿಯಿಲ್ಲ. ಅಂಗಡಿಯಲ್ಲಿ ಹಾಕಿ ಎಂದು ಹುಡುಕಿದರೆ ಸಿಗುವ ಎನ್‌ಎಚ್‌ಎಲ್ ಸರಣಿ ಐಸ್ ಹಾಕಿ. ನಮ್ಮ ಮೈದಾನದ ಹಾಕಿಯಲ್ಲ. ಕುಟುಂಬ ಹಾಕಿ ಪಂದ್ಯಾವಳಿ ನಡೆಸುವ ನಾಡಿಗೆ ಒಂದು ಒಳ್ಳೆಯ ಫೀಲ್ಡ್ ಹಾಕಿ ಗೇಮ್ ಇಲ್ಲ ಅನ್ನುವುದು ನಿಜವಾದ ಕೊರತೆ.

ಕನ್ಸೋಲ್ ಕೊಳ್ಳುವುದಾದರೆ

ಪಿಎಸ್5ರ (ಸೋನಿಯ ಪ್ಲೇಸ್ಟೇಷನ್ 5) ಡಿಸ್ಕ್ ಮಾದರಿ ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ನಡುವೆ ಕೊಡಗಿಗೆ ಯಾವುದು? ನೆಟ್ ನಿಧಾನ ಇದ್ದರೆ ಡಿಸ್ಕ್ ಇರುವ ಪಿಎಸ್5. ಡಿಸ್ಕಿನಿಂದ ಗೇಮ್ ಒಳಗೆ ಹೋಗುತ್ತದೆ, ಮುಗಿಸಿದ ಮೇಲೆ ಮಾರಬಹುದು, ಗೆಳೆಯರ ಜೊತೆ ಬದಲಾಯಿಸಿಕೊಳ್ಳಬಹುದು. ಎಲ್ಲ ಡಿಸ್ಕಿನಲ್ಲೂ ಪೂರ್ತಿ ಗೇಮ್ ಇರುವುದಿಲ್ಲ: 2022ರ ಕಾಲ್ ಆಫ್ ಡ್ಯೂಟಿ ಮಾಡರ್ನ್ ವಾರ್‌ಫೇರ್ 2ರ ಪಿಎಸ್5 ಡಿಸ್ಕಿನಲ್ಲಿ 100 ಎಂಬಿಗೂ ಕಮ್ಮಿ ಇತ್ತು, ಉಳಿದದ್ದೆಲ್ಲ ಡೌನ್‌ಲೋಡ್. ಸ್ಲಿಮ್ ಮಾದರಿಗೆ ಡಿಸ್ಕ್ ಡ್ರೈವನ್ನು ಆಮೇಲೆ ಜೋಡಿಸುವುದಾದರೆ ಮೊದಲ ಸಲ ನೆಟ್ ಬೇಕೇಬೇಕು.

ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವೇ ಇಲ್ಲ, 512 ಜಿಬಿಯಲ್ಲಿ ಬಳಕೆಗೆ ಸಿಗುವುದು 364. ಆದರೆ ಕರೆಂಟಿನ ವಿಷಯದಲ್ಲಿ ಅದು ಗೆಲ್ಲುತ್ತದೆ. ಪಿಎಸ್5 ದೊಡ್ಡ ಗೇಮಿಗೆ ಸುಮಾರು 200 ವ್ಯಾಟ್ ಎಳೆದರೆ ಇದು 80ರ ಆಸುಪಾಸು. ಪಿಎಸ್5 ರೆಸ್ಟ್ ಮೋಡಿನಲ್ಲಿದ್ದಾಗ ಕರೆಂಟ್ ಹೋದರೆ ನಿಲ್ಲಿಸಿದ್ದ ಆಟ ಹೋಗುತ್ತದೆ. ಎಕ್ಸ್‌ಬಾಕ್ಸ್‌ನ ಕ್ವಿಕ್ ರೆಸ್ಯೂಮ್ ಆಟದ ಸ್ಥಿತಿಯನ್ನು ಎಸ್‌ಎಸ್‌ಡಿಗೇ ಬರೆಯುವುದರಿಂದ ಪ್ಲಗ್ ತೆಗೆದರೂ ಉಳಿಯುತ್ತದೆ. ಅದು ಬರೆಯುವುದು ನೀವು ಕನ್ಸೋಲ್ ಮಲಗಿಸಿದಾಗ ಅಥವಾ ಬೇರೆ ಗೇಮಿಗೆ ಹೋದಾಗ. ಆಡುತ್ತಿರುವಾಗಲೇ ಕರೆಂಟ್ ಹೋದರೆ ಇದೂ ಕಾಪಾಡುವುದಿಲ್ಲ, ಆದ್ದರಿಂದ ದೀಪ ಮಿಣುಕಲು ಶುರುವಾದೊಡನೆ ಮಲಗಿಸಿ.

ಸೆಕೆಂಡ್ ಹ್ಯಾಂಡ್ ಪಿಎಸ್2 ನೋಡುವವರು ಬೆಳ್ಳಿ ಬಣ್ಣದ ಡಿವಿಡಿ ಗೇಮ್ ಮತ್ತು ಕೆಳಗೆ ನೀಲಿ ಇರುವ ಸಿಡಿ ಗೇಮ್ ಎರಡನ್ನೂ ಹಾಕಿ ಪರೀಕ್ಷಿಸಿ. ಲೆನ್ಸ್ ಸೋತಿದ್ದರೆ ಒಂದು ಓದಿ ಇನ್ನೊಂದು ಓದುವುದಿಲ್ಲ. ಹೊಸ ಟಿವಿಗಳಲ್ಲಿ ಮೂರು ಬಣ್ಣದ ಎವಿ ತೂತಿನ ಬದಲು ಒಂದೇ ಸಣ್ಣ ಜ್ಯಾಕ್ ಇರುತ್ತದೆ. ಅಡಾಪ್ಟರ್ ಹಾಕಿದ ಮೇಲೆ ಚಿತ್ರ ಬಾರದೆ ಸ್ಪೀಕರಿನಲ್ಲಿ ಗುಂಯ್ ಅಂದರೆ ಕನ್ಸೋಲ್ ಕೆಟ್ಟಿಲ್ಲ. ಜ್ಯಾಕಿನ ಒಳಗಿನ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಹಳದಿ ಪಿನ್ನನ್ನು ಕೆಂಪಿಗೆ, ಬಿಳಿಗೆ ಬದಲಿಸಿ ನೋಡಿ. ಡಕ್ ಹಂಟ್‌ನಂಥ ಬಂದೂಕಿನ ಆಟ ಮಾತ್ರ ಡಬ್ಬಾ ಟಿವಿ ಇಲ್ಲದೆ ನಡೆಯದು, ಆ ಬಂದೂಕು ಹಳೆಯ ಪರದೆ ಮಿನುಗುವ ಹೊತ್ತನ್ನೇ ನಂಬಿಕೊಂಡಿದೆ.

ಇನ್ವರ್ಟರ್, ಸಿಡಿಲು, ತೇವ

ಮನೆಯ ಇನ್ವರ್ಟರ್ ಹಿಂದೆ ಯುಪಿಎಸ್ ಮತ್ತು ಇಕೋ ಅಥವಾ ನಾರ್ಮಲ್ ಎಂಬ ಸ್ವಿಚ್ ಇದ್ದರೆ ಯುಪಿಎಸ್‌ಗೆ ಇಡಿ. ಇನ್ನೊಂದು ಮೋಡಿನಲ್ಲಿ ಕರೆಂಟ್ ಬದಲಾಗಲು ತೆಗೆದುಕೊಳ್ಳುವ ಕ್ಷಣವನ್ನು ಫ್ಯಾನ್ ತಡೆಯುತ್ತದೆ, ಕಂಪ್ಯೂಟರ್ ತಡೆಯದೆ ರೀಸ್ಟಾರ್ಟ್ ಆಗುತ್ತದೆ. 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್, ಕೈಗೆ ಸಿಗುವುದು ಸುಮಾರು 1,100. ಪಿಎಸ್5 ಮತ್ತು ಟಿವಿ ಸೇರಿ 270 ವ್ಯಾಟ್ ಎಂದಿಟ್ಟುಕೊಂಡರೆ, ದೀಪ ಮತ್ತು ವೈಫೈ ಕಳೆದು ಮೂರು ಗಂಟೆ. ಎರಡು ದಿನ ಕರೆಂಟ್ ಬರುವುದಿಲ್ಲ ಅನ್ನಿಸಿದಾಗ ಆ ಬ್ಯಾಟರಿ ದೀಪಕ್ಕಿರಲಿ, ಫೋನಿನಲ್ಲಿ ಆಡಿ. ಇನ್ವರ್ಟರ್ ಇಲ್ಲದ ಡೆಸ್ಕ್‌ಟಾಪಿಗೆ 600 ವಿಎ ಯುಪಿಎಸ್ ಐದು ನಿಮಿಷ ಕೊಡುತ್ತದೆ, ಸೇವ್ ಮಾಡಿ ಆಫ್ ಮಾಡಲು ಅಷ್ಟು ಸಾಕು.

ಏಪ್ರಿಲ್-ಮೇ ಸಿಡಿಲಿಗೆ ಪ್ಲಗ್ ತೆಗೆದರಷ್ಟೇ ಸಾಲದು. ಡಿಶ್ ಕೇಬಲ್ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಕನ್ಸೋಲಿಗೆ ಹೊಡೆತ ಹಾದುಹೋಗುತ್ತದೆ. ಡಿಶ್ ಕೇಬಲ್ ಮತ್ತು ಎಚ್‌ಡಿಎಂಐ ಎರಡನ್ನೂ ಬಿಡಿಸಿ.

ಡಿಸ್ಕ್‌ಗಳನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಒರೆಸುವುದು ನಡುವಿನಿಂದ ಅಂಚಿಗೆ ನೇರವಾಗಿ. ಸುತ್ತಿ ಒರೆಸಿದರೆ ಗೀರು ಟ್ರ್ಯಾಕಿನ ಉದ್ದಕ್ಕೇ ಬಿದ್ದು ಓದಲಾಗದು. ಹಳೆಯ ಗೇಮ್ ಕ್ಯಾಸೆಟಿಗೆ ಬಾಯಿಂದ ಊದಬೇಡಿ, ಎಂಜಲಿನ ತೇವಕ್ಕೆ ತಾಮ್ರದ ಪಟ್ಟಿ ಹಸಿರುಗಟ್ಟುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಇಯರ್‌ಬಡ್‌ನಿಂದ ಉಜ್ಜಿ, ಐದು ನಿಮಿಷ ಒಣಗಿಸಿ ಹಾಕಿ. ಮಳೆಗಾಲದಲ್ಲಿ ಕನ್ಸೋಲನ್ನು ವಾರಕ್ಕೊಮ್ಮೆಯಾದರೂ ಒಂದು ಗಂಟೆ ಓಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ.

ನೆಂಟರು ಬಂದಾಗ

ಕೈಲ್ ಮುಹೂರ್ತಕ್ಕೋ ಹುತ್ತರಿಗೋ ಮನೆ ತುಂಬ ಮಕ್ಕಳು ಸೇರಿದಾಗ ಒಂದೇ ಟಿವಿ ಮುಂದೆ ಕೂತು ಆಡುವ ಗೇಮ್ ಬೇಕು. ಈ ವಿಷಯದಲ್ಲಿ ಹಳೆಯ ಗೇಮ್‌ಗಳು ಮುಂದೆ. ಕಾಂಟ್ರಾ (1987) ಇಂದಿಗೂ ಇಬ್ಬರನ್ನು ಹಿಡಿದಿಡುತ್ತದೆ. ಟಿವಿ ಗೇಮ್ ಆವೃತ್ತಿಯಲ್ಲಿ ಶುರುವಿನ ಪರದೆಯಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಸ್ಟಾರ್ಟ್ ಒತ್ತಿದರೆ ಮೂವತ್ತು ಜೀವ. ಹೊಸದರಲ್ಲಿ ಪರದೆ ಹಂಚಿಕೊಂಡು ಆಡುವವು ಕಮ್ಮಿಯಾಗಿವೆ, ಆದರೆ ಇರುವವು ಒಳ್ಳೆಯವು: ಪೋರ್ಟಲ್ 2, ಓವರ್‌ಕುಕ್ಡ್, 2020ರ ಕೊನೆಯ ಅಪ್‌ಡೇಟಿನಿಂದ ಸ್ಟಾರ್‌ಡ್ಯೂ ವ್ಯಾಲಿ. ಇಟ್ ಟೇಕ್ಸ್ ಟೂ (2021) ಇಬ್ಬರಿಲ್ಲದೆ ಆಡಲಾಗದು, 50 ಜಿಬಿ ಬೇಕು.

ಆನ್‌ಲೈನಿನಲ್ಲಿ ಸಿಗುವ ಹತ್ತು ಸಾವಿರ ಗೇಮ್‌ಗಳ ಎಚ್‌ಡಿಎಂಐ ಸ್ಟಿಕ್ ಬೇಡ. ಅದರ ಮೆಮೊರಿ ಕಾರ್ಡ್ ಬೇಗ ಸಾಯುತ್ತದೆ, ವೈರ್‌ಲೆಸ್ ಪ್ಯಾಡ್ ಒತ್ತಿದ ಮೇಲೆ ಮಾರಿಯೋ ನೆಗೆಯಲು ತಡ ಮಾಡಿ ಗುಂಡಿಗೆ ಬೀಳುತ್ತಾನೆ, ಮತ್ತು ಅದರಲ್ಲಿರುವುದೆಲ್ಲ ಕದ್ದ ಕಾಪಿ. ಎರಡನೆಯ ಕಂಟ್ರೋಲರ್ ವೈರ್ ಇರುವುದನ್ನೇ ಕೊಳ್ಳಿ. ಕರೆಂಟ್ ಇಲ್ಲದ ಹಗಲಿನಲ್ಲಿ ಚಾರ್ಜ್ ಮಾಡುವ ತಾಪತ್ರಯ ಇಲ್ಲ, ಕಂಪ್ಯೂಟರಿಗೂ ಆಗುತ್ತದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ. ಆಗ ಟಿವಿ ಚಿತ್ರವನ್ನು ತಿದ್ದುತ್ತಾ ಕೂರುವುದಿಲ್ಲ, ಒತ್ತಿದ ಬಟನ್ ತಡವಿಲ್ಲದೆ ಪರದೆಗೆ ಮುಟ್ಟುತ್ತದೆ. ಹಳೆಯ ನೆಗೆಯುವ ಆಟಗಳಲ್ಲಿ ಈ ವ್ಯತ್ಯಾಸ ಮೊದಲ ನಿಮಿಷದಲ್ಲೇ ಕಾಣುತ್ತದೆ.